ಕೆಂಪು ನೆಲದ ಮಿಡತೆ

ನನ್ನ ಹೆಂಡತಿ ತೀರಿಕೊಂಡು ವರ್ಷ ತುಂಬುವ ಮೊದಲೇ ಅವಳ ಹಳೆಯ ವಿದ್ಯಾರ್ಥಿಗಳು ಅವಳ ಹೆಸರಿನಲ್ಲಿ ಒಂದು ವನ ಮಾಡುವುದೆಂದು ತೀರ್ಮಾನಿಸಿದರು. ಅದನ್ನು ಹೇಳಲು ನಾಲ್ಕೈದು ಜನ ಅಂಗಡಿಗೆ ಬಂದರು. ಹಿರಿಯೂರಿನಲ್ಲಿ ನನ್ನದು ಮೋಟರ್ ವೈಂಡಿಂಗ್ ಅಂಗಡಿ. ಸುಟ್ಟುಹೋದ ಬೋರ್‌ವೆಲ್ ಮೋಟರೊಂದರ ಹೊಟ್ಟೆ ಬಿಚ್ಚಿ ತಂತಿ ಕೀಳುತ್ತಿದ್ದೆ. ಕೈಯೆಲ್ಲ ಮಸಿ. ಬಂದವರಲ್ಲಿ ಮುಂದೆ ನಿಂತವನು ಅವಳ ಹತ್ತಿರವೇ ಪ್ರಾಣಿಶಾಸ್ತ್ರ ಓದಿ, ಈಗ ಅವಳು ಕೂರುತ್ತಿದ್ದ ಕುರ್ಚಿಯಲ್ಲೇ ಕೂತು ಪಾಠ ಮಾಡುವವನು. ಒಳ್ಳೆಯ ಹುಡುಗ. ಅವಳು ಆಸ್ಪತ್ರೆಯಲ್ಲಿದ್ದಾಗ ರಕ್ತ ಕೊಟ್ಟವನು. ಎಲ್ಲಿ ಮಾಡುತ್ತೀರಿ ಎಂದು ಕೇಳಿದೆ.

“ಕಾವಲಿನಾಗೆ ಸರ್. ಖಾಲಿ ಬಿದ್ದೈತೆ. ಮೇಡಂಗೆ ಆ ಜಾಗ ಅಂದ್ರೆ ಪ್ರಾಣ ಅಲ್ವಾ” ಅಂದ.

ಇಕ್ಕಳ ಕೆಳಗಿಟ್ಟು ಅವನ ಮುಖ ನೋಡಿದೆ. ತಮಾಷೆ ಮಾಡುತ್ತಿರಲಿಲ್ಲ.

ಆ ಕಾವಲು ಎಲ್ಲಿದೆ ಎಂದು ಇಲ್ಲಿ ಬರೆಯುವುದಿಲ್ಲ. ಜವನಗೊಂಡನಹಳ್ಳಿಯ ದಾರಿ ಬಿಟ್ಟು ಒಳಕ್ಕೆ ಹೋದರೆ ಸಿಗುತ್ತದೆ ಅಂದರೆ ಸಾಕು. ರಾಜರ ಕಾಲದಲ್ಲಿ ದನ ಮೇಯಲೆಂದು ಬಿಟ್ಟ ಹುಲ್ಲುಗಾವಲುಗಳಿಗೆ ನಮ್ಮ ಕಡೆ ಕಾವಲು ಅನ್ನುತ್ತಾರೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹಿಂದೆ ಬಹಳ ಇದ್ದವು. ಒಂದು ಪಾಲು ಸೈಟಾಯಿತು, ಒಂದು ಪಾಲು ನೀಲಗಿರಿಯಾಯಿತು, ಒಂದು ಪಾಲಿಗೆ ಬೇಲಿ ಬಿತ್ತು. ಉಳಿದದ್ದರಲ್ಲಿ ಇದೊಂದು ಚೂರು. ಮೊಣಕಾಲುದ್ದ ಕರಡದ ಹುಲ್ಲು, ಅಲ್ಲೊಂದು ಇಲ್ಲೊಂದು ಕಾರೆ ಗಿಡ, ಕೆಂಪು ಮಣ್ಣು. ನೋಡಿದವರಿಗೆ ಏನೂ ಇಲ್ಲ ಅನ್ನಿಸುವ ಜಾಗ. ಅಲ್ಲಿ ಏನಿದೆ ಎಂದು ತೋರಿಸಲು ನನ್ನ ಹೆಂಡತಿ ತನ್ನ ಕೆಲಸದ ವರ್ಷಗಳನ್ನೆಲ್ಲ ಸವೆಸಿದಳು. ತೋರಿಸಿದ್ದು ಇವರಿಗೇ.

ಅವಳು ನನ್ನ ಸೋದರಮಾವನ ಮಗಳು. ಚಿಕ್ಕಂದಿನಲ್ಲೇ ದೊಡ್ಡವರು ಮಾತಾಡಿಕೊಂಡಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಚಿತ್ರದುರ್ಗದಲ್ಲಿ ಐಟಿಐ ಮಾಡಿದೆ. ಅವಳು ಓದುತ್ತಾ ಹೋದಳು, ನಿಲ್ಲಲಿಲ್ಲ. ಅವಳು ಲೆಕ್ಚರರ್ ಆದ ಮೇಲೆ ಈ ಮದುವೆ ಮುರಿಯುತ್ತದೆ ಎಂದು ನಮ್ಮ ಕಡೆಯವರೇ ಆಡಿಕೊಂಡರು. ಮಾವ ಅವಳನ್ನು ಕೇಳಿದಾಗ, ಅವನು ಮೋಟರ್ ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಾನೆ, ನಮ್ಮ ಕಾಲೇಜಿನಲ್ಲಿ ಕಪ್ಪೆ ಬಿಚ್ಚಿದವರು ಯಾರೂ ಜೋಡಿಸಿದ್ದು ನೋಡಿಲ್ಲ, ಅವನೇ ಇರಲಿ ಅಂದಳಂತೆ. ಮದುವೆಯಾದ ಮೇಲೆ ಊರಿನಲ್ಲಿ ನನ್ನ ಹೆಸರೇ ಹೋಯಿತು. ಮೇಡಂ ಗಂಡ ಎಂದಾದೆ. ನನಗೇನೂ ಬೇಜಾರಿರಲಿಲ್ಲ.

ಅವಳ ಕೆಲಸ ಮೊದಲು ಹೊಳಲ್ಕೆರೆಯ ಕಾಲೇಜಿನಲ್ಲಿ, ಆಮೇಲೆ ಹೊಸದುರ್ಗ, ಕೊನೆಗೆ ಹಿರಿಯೂರು. ಅವಳಿಗೆ ಗಾಡಿ ಓಡಿಸಲು ಬರುತ್ತಿರಲಿಲ್ಲ, ಕಲಿಯಲೂ ಇಲ್ಲ. ಬಸ್ಸು ತಪ್ಪಿದ ದಿನ, ಭಾನುವಾರ, ರಜೆಯ ದಿನ ನನ್ನ ಬೈಕಿನ ಹಿಂದಿನ ಸೀಟು ಅವಳದು. ಹಿಂದೆ ಕೂತರೆ ಸುಮ್ಮನಿರುವ ಜಾತಿಯಲ್ಲ. ಗಾಳಿಯಲ್ಲಿ ನನ್ನ ಕಿವಿಯ ಹತ್ತಿರ ಬಾಯಿಟ್ಟು ಪಾಠ. ನನಗೆ ಗೊತ್ತಿರುವ ಪ್ರಾಣಿಶಾಸ್ತ್ರವೆಲ್ಲ ಹಾಗೆ ಬಂದದ್ದು, ಲಾರಿ ಎದುರಿಗೆ ಬಂದಾಗಲೆಲ್ಲ ಒಂದೊಂದು ಸಾಲು ಬಿಟ್ಟುಹೋದದ್ದು. ತಪ್ಪಿದ್ದರೆ ಅದು ಲಾರಿಯದು.

ಹೊಳಲ್ಕೆರೆಯ ದಾರಿಯಲ್ಲಿ ಹಳೆಯ ಕಾಲದ ಕಥೆ ಹೇಳುತ್ತಿದ್ದಳು. ಹಿಂದಿನ ವಿದ್ವಾಂಸರು ಜೀವಗಳನ್ನೆಲ್ಲ ಏಣಿಯ ಮೇಲೆ ಕೂರಿಸಿದ್ದರಂತೆ. ಕೆಳಗಿನ ಮೆಟ್ಟಿಲಲ್ಲಿ ಹುಳ, ಅದರ ಮೇಲೆ ಮೀನು, ಹಕ್ಕಿ, ದನ, ಎಲ್ಲಕ್ಕಿಂತ ಮೇಲೆ ಮನುಷ್ಯ. ಏಣಿ ಮಾಡಿದವನು ತನ್ನನ್ನು ಮೇಲೆ ಕೂರಿಸಿಕೊಳ್ಳದೆ ಇನ್ನೇನು ಮಾಡುತ್ತಾನೆ, ನಮ್ಮ ಊರಿನ ಊಟದ ಪಂಕ್ತಿ ನೋಡಿಲ್ಲವಾ ಎಂದು ನಗುತ್ತಿದ್ದಳು. ಆಮೇಲೆ ಬಂದವರಿಗೆ ಹೆಸರಿಡುವ ಹುಚ್ಚು. ಎಲ್ಲಿ ಏನು ಓಡಾಡಿದರೂ ಹಿಡಿ, ಕೊಲ್ಲು, ಚರ್ಮ ಸುಲಿದು ಹತ್ತಿ ತುಂಬು, ಎರಡು ಪದದ ಹೆಸರು ಬರೆದು ಕಾಲಿಗೆ ಕಟ್ಟು. ನಮ್ಮ ಈ ಬಯಲಿಗೂ ಬಂದೂಕು ಹಿಡಿದ ದೊರೆಗಳು ಬಂದಿದ್ದರಂತೆ. ಇಲ್ಲಿ ಓಡಾಡಿದ ಹಕ್ಕಿಗಳು ಸಮುದ್ರದಾಚೆ ಯಾವುದೋ ಬೀರುವಿನ ಅರೆಯಲ್ಲಿ ಕಾಲು ಕಟ್ಟಿಸಿಕೊಂಡು ಮಲಗಿವೆ ಅನ್ನುತ್ತಿದ್ದಳು. ಆ ದೊರೆಗಳೇ ಈ ಹುಲ್ಲನ್ನು ಕಾಗದದ ಮೇಲೆ ಪಾಳು ಎಂದು ಬರೆದು ಹೋದರು, ಕಂದಾಯ ಬಾರದ್ದೆಲ್ಲ ಅವರಿಗೆ ಪಾಳೇ, ಅವರು ಹೋದರೂ ಆ ಪದ ಹೋಗಲಿಲ್ಲ ಎಂದೂ ಹೇಳುತ್ತಿದ್ದಳು.

ಹೊಸದುರ್ಗದ ದಾರಿ ಹಡಗಿನವನದು. ಹಡಗು ಹತ್ತಿದ ದಿನದಿಂದ ವಾಂತಿ ಮಾಡಿಕೊಂಡೇ ಲೋಕ ಸುತ್ತಿದ ಒಬ್ಬ ಇಂಗ್ಲಿಷರವನು. ಜೀವಗಳು ಬಂದ ಹಾಗೇ ಉಳಿದಿಲ್ಲ, ಬದಲಾಗುತ್ತ ಬಂದಿವೆ, ಬದುಕಲು ಒದಗಿದ್ದು ಉಳಿದು ಮರಿ ಹಾಕುತ್ತದೆ, ಒದಗದ್ದು ಅಳಿಯುತ್ತದೆ ಎಂದು ಕಂಡುಕೊಂಡವನು. ಕಂಡುಕೊಂಡ ಮೇಲೂ ಎಷ್ಟೋ ವರ್ಷ ಬಾಯಿ ಬಿಡಲಿಲ್ಲ. ಅವನ ಹೆಂಡತಿಗೆ ದೇವರಲ್ಲಿ ಬಹಳ ನಂಬಿಕೆ, ಸತ್ತ ಮೇಲೆ ಇಬ್ಬರೂ ಒಂದೇ ಕಡೆ ಸೇರುತ್ತೇವೋ ಇಲ್ಲವೋ ಎಂಬ ಚಿಂತೆ ಆಕೆಗಿತ್ತು. ಅಷ್ಟರಲ್ಲಿ ದೂರದ ದ್ವೀಪದಲ್ಲಿ ಚಿಟ್ಟೆ, ಜೀರುಂಡೆ ಹಿಡಿದು ಮಾರಿ ಹೊಟ್ಟೆ ಹೊರೆಯುತ್ತಿದ್ದ ಇನ್ನೊಬ್ಬನಿಗೆ ಚಳಿಜ್ವರದಲ್ಲಿ ಮಲಗಿದ್ದಾಗ ಅದೇ ವಿಚಾರ ಹೊಳೆಯಿತು. ಅವನು ಅದನ್ನು ಬರೆದು ಈ ಹಡಗಿನವನಿಗೇ ಕಳಿಸಿದ. ಹೆಸರು ಮಾತ್ರ ಬಹುಪಾಲು ಹಡಗಿನವನಿಗೇ ಹೋಯಿತು. ನನಗೆ ಆ ಜ್ವರದವನ ಮೇಲೆ ಕನಿಕರ. ಅವನು ನಮ್ಮ ಹಾಗೆ ಅಂಗಡಿ ಇಟ್ಟವನು ಅಂದೆ. “ಹೆಸರು ಕಟ್ಟಿಕೊಂಡು ಏನು ಮಾಡ್ತೀರಿ ಬಿಡ್ರಿ. ವಿಚಾರ ಉಳೀತಲ್ಲ” ಅಂದಳು.

ಈ ಮಾತು ನನಗೆ ಈಗ ಬಹಳ ಸಲ ನೆನಪಾಗುತ್ತದೆ. ಅವಳ ವಿಷಯದಲ್ಲಿ ಹೆಸರು ಉಳಿಯುವುದರಲ್ಲಿತ್ತು, ವಿಚಾರ ಹೋಗಿತ್ತು.

ಬಟಾಣಿ ಬೆಳೆದ ಸನ್ಯಾಸಿಯ ಕಥೆ ಎಲ್ಲಿ ಹೇಳಿದಳೋ ಮರೆತಿದ್ದೇನೆ. ತಂದೆತಾಯಿಯ ಗುಣ ಮಕ್ಕಳಿಗೆ ಹೇಗೆ ಹೋಗುತ್ತದೆ ಎಂದು ಮಠದ ತೋಟದಲ್ಲೇ ಕಂಡುಕೊಂಡು ಬರೆದಿಟ್ಟ. ಓದಬೇಕಾದವರು ಓದಲಿಲ್ಲ. ಸತ್ತ ಮೇಲೆ ಓದಿದರು. ಆಮೇಲೆ, ಒಂದು ಕಡೆ ಚರ್ಮದ ವ್ಯಾಪಾರಿಗಳು ಪ್ರತಿ ವರ್ಷ ಕೊಂಡ ಮೊಲದ ಚರ್ಮ, ಕಾಡುಬೆಕ್ಕಿನ ಚರ್ಮ ಎಷ್ಟೆಂದು ನೋಡಿ, ಮೊಲ ಹೆಚ್ಚಿದರೆ ಬೆಕ್ಕು ಹೆಚ್ಚುತ್ತದೆ, ಮೊಲ ಇಳಿದರೆ ಬೆಕ್ಕು ಇಳಿಯುತ್ತದೆ ಎಂದು ಕಂಡುಹಿಡಿದವರ ಕಥೆ. ಅಲ್ಲಿಂದ ಅವಳ ದನಿ ಬದಲಾಗುತ್ತಿತ್ತು. ಪ್ರಾಣಿ ಯಾವುದು ಎಂದು ಕೇಳುವುದನ್ನು ಬಿಟ್ಟು ಅದು ಎಲ್ಲಿರುತ್ತದೆ, ಯಾರನ್ನು ತಿನ್ನುತ್ತದೆ, ಯಾರ ಬಾಯಿಗೆ ಬೀಳುತ್ತದೆ ಎಂದು ಕೇಳಿದ್ದು ಆಗ. ಪ್ರತಿಯೊಂದು ಪ್ರಾಣಿಗೂ ಅದರ ಊರಿನಲ್ಲಿ ಒಂದು ಕಸುಬಿದೆ, ಕಸುಬು ಹೋದರೆ ಪ್ರಾಣಿಯೂ ಹೋಗುತ್ತದೆ ಎಂದು ತಿಳಿದದ್ದು ಆಗ. ಕೊಂದು ನೋಡಿದರು, ಎಣಿಸಿ ನೋಡಿದರು, ಕೊನೆಗೆ ಕೂತು ನೋಡುವುದನ್ನು ಕಲಿತರು, ಇಷ್ಟು ಕಲಿಯಲು ಮನುಷ್ಯನಿಗೆ ಎಷ್ಟು ತಲೆಮಾರು ಬೇಕಾಯಿತು ನೋಡ್ರಿ ಅನ್ನುತ್ತಿದ್ದಳು. ಜೀವ ಹೇಗೆ ಬದಲಾಯಿತು ಅನ್ನುವವರು ಒಂದು ಕಡೆ, ಹೇಗೆ ಬದುಕುತ್ತದೆ ಅನ್ನುವವರು ಇನ್ನೊಂದು ಕಡೆ ಕೂತು ಬಹಳ ಕಾಲ ಒಬ್ಬರ ಮನೆಗೆ ಒಬ್ಬರು ಹೋಗಲಿಲ್ಲವಂತೆ. ಎರಡೂ ಒಂದೇ ಮನೆ ಎಂದು ಗೊತ್ತಾಗಿದ್ದು ತಡವಾಗಿ.

ಅದನ್ನು ನನಗೆ ಅವಳು ಕಾವಲಿನಲ್ಲಿ ತೋರಿಸಿದಳು. ಹುಲ್ಲಿನ ನಡುವೆ ಕೂತು ಅಂಗೈ ಮುಚ್ಚಿ ಏನನ್ನೋ ಹಿಡಿದಳು. ಬಿಳಿ ಕರ್ಚೀಫು ಹಾಸಿ ಅದರ ಮೇಲೆ ಬಿಟ್ಟಳು. ಒಂದು ಮಿಡತೆ. ಇಟ್ಟಿಗೆ ಪುಡಿಯ ಬಣ್ಣ, ಮೈಮೇಲೆ ಸಣ್ಣ ಸಣ್ಣ ಚುಕ್ಕೆ.

“ಕಾಣ್ತದಾ?”

ಕಾಣುತ್ತದೆ ಅಂದೆ. ಕರ್ಚೀಫು ಒದರಿದಳು. ಮಿಡತೆ ನೆಲಕ್ಕೆ ಬಿತ್ತು.

“ಈಗ?”

ನನ್ನ ಕಾಲ ಬುಡದಲ್ಲೇ ಬಿದ್ದದ್ದು. ಎಷ್ಟು ಹುಡುಕಿದರೂ ಕಾಣಲಿಲ್ಲ. ಅವಳು ನಕ್ಕಳು. ಬಬ್ಬೂರಿನ ಕಡೆ ಕಪ್ಪು ಮಣ್ಣಿನ ಎರೆ ಹೊಲಕ್ಕೆ ಹೋದರೆ ಇದೇ ಮಿಡತೆಯ ದಾಯಾದಿಗಳು ಮಸಿಯ ಬಣ್ಣಕ್ಕಿರುತ್ತವೆ ಅಂದಳು. ಯಾರೂ ಕೂತು ಬಣ್ಣ ಬಳಿದಿಲ್ಲ. ಕಂಡದ್ದನ್ನೆಲ್ಲ ಹಕ್ಕಿ ತಿಂದಿತು, ಕಾಣದ್ದು ಉಳಿಯಿತು, ಕಾಣದ್ದರ ಮಕ್ಕಳು ಇವು. ತಿನ್ನುವುದು ಈ ಊರಿನ ವ್ಯವಹಾರ, ಬಣ್ಣ ಬಂದದ್ದು ಹಳೆಯ ಕಾಲದ ಕಥೆ, ಎರಡೂ ಒಂದೇ ಹುಳದ ಮೈಮೇಲೆ ಬರೆದಿದೆ. ಇಷ್ಟೇ ಪಾಠ, ಇಷ್ಟನ್ನು ಹುಡುಗರಿಗೆ ಇಲ್ಲಿ ಕೂರಿಸಿ ಹೇಳಿದರೆ ಬೇರೆ ಏನೂ ಬೇಕಾಗಿಲ್ಲ ಅಂದಳು. ಪ್ರತಿ ವರ್ಷ ಹುಡುಗರನ್ನು ಕರೆತಂದಳು ಕೂಡ. ಅವರೂ ಕರ್ಚೀಫು ಹಾಸಿದರು. ನೆಲಗುಬ್ಬಿ ಹುಲ್ಲಿನ ಬುಡದಲ್ಲಿ, ಮಣ್ಣಿನ ಮೇಲೇ ಮೊಟ್ಟೆ ಇಟ್ಟದ್ದನ್ನು ಉಸಿರು ಬಿಗಿಹಿಡಿದು ನೋಡಿದರು. ಮರ ಇದ್ದರೆ ನೆಲಗುಬ್ಬಿ ಅಲ್ಲಿ ಗೂಡು ಕಟ್ಟುವುದಿಲ್ಲ, ಮರದ ಮೇಲೆ ಕೂರುವವರೆಲ್ಲ ಅದರ ಶತ್ರುಗಳು ಎಂದು ಅವಳು ಹೇಳಿದ್ದನ್ನು ಬರೆದುಕೊಂಡು ಹೋದರು. ಪರೀಕ್ಷೆಯಲ್ಲಿ ಬರೆದರು, ಪಾಸಾದರು.

ಅವಳ ಜೊತೆಯ ಮೇಷ್ಟರುಗಳಲ್ಲಿ ಕೆಲವರು ಜೀವ ಬದಲಾಗುವ ಪಾಠ ಬಂದಾಗ ನೀವೇ ಓದಿಕೊಳ್ಳಿ ಎಂದು ಮುಂದಕ್ಕೆ ಹೋಗುತ್ತಿದ್ದರಂತೆ. ಸ್ಟಾಫ್ ರೂಮಿನಲ್ಲಿ ಒಬ್ಬರು, ಮೇಡಂ ನಿಮ್ಮ ತಾತ ಯಾವ ಮರದಾಗೆ ಅವ್ರೆ ಎಂದು ಕೇಳುವುದು, ಎಲ್ಲರೂ ನಗುವುದು ದಿನದ ಕೆಲಸ. ಅವಳು ಒಮ್ಮೆ, ನಮ್ಮ ತಾತ ಇಳಿದು ಬಂದರು ಸಾರ್, ನಿಮ್ಮ ಕಡೆಯವರಿಗೆ ಇನ್ನೂ ಬಸ್ಸು ಸಿಕ್ಕಿಲ್ಲವೇನೋ ಅಂದಳಂತೆ. ಆಮೇಲೆ ಅವರು ಕೇಳುವುದು ಬಿಟ್ಟರು, ಮಾತಾಡುವುದನ್ನೂ ಬಿಟ್ಟರು.

ನಮಗೆ ಮಕ್ಕಳಾಗಲಿಲ್ಲ. ನನ್ನ ಅವ್ವ ಇದ್ದಷ್ಟು ದಿನ ಅದನ್ನೇ ಆಡಿದಳು, ಊರ ಪ್ರಾಣಿಗಳ ಮರಿ ಎಣಿಸುವವಳು ತನ್ನ ಮಡಿಲು ನೋಡಿಕೊಳ್ಳಲಿಲ್ಲ ಎಂದು. ನಾನೂ ಒಂದು ದಿನ ಬೈಕಿನಲ್ಲಿ ಹೋಗುವಾಗ, ನಿನ್ನ ಶಾಸ್ತ್ರದ ಪ್ರಕಾರ ಮರಿ ಬಿಡದವರು ಸೋತವರಲ್ಲವಾ ಎಂದು ಕೇಳಿದೆ. ಹಿಂದಿನಿಂದ ಅವಳ ಕೈ ನನ್ನ ಭುಜಕ್ಕೆ ಬಂತು. ಆಮೇಲೆ ಕಿವಿಯ ಹತ್ತಿರ ಬಂದು, ಜೇನುಹುಟ್ಟಿನಲ್ಲಿ ಕೆಲಸ ಮಾಡುವ ಹುಳಗಳು ಹೆರುವುದಿಲ್ಲ, ಹುಟ್ಟು ನಿಂತಿರುವುದು ಅವುಗಳಿಂದ, ನನಗೆ ಕ್ಲಾಸಿನ ತುಂಬ ಇದ್ದಾರೆ ಅಂದಳು. ನಾನು ನಂಬಿದೆ.

ಕಾಯಿಲೆ ಹೊಟ್ಟೆಯಲ್ಲಿ ಬಂತು. ಗಡ್ಡೆ. ದಾವಣಗೆರೆಯಲ್ಲಿ ಔಷಧಿ ಕೊಟ್ಟರು, ಗಡ್ಡೆ ಕರಗಿತು ಅಂದರು, ನಾವು ಸಿಹಿ ತಂದೆವು. ಮತ್ತೆ ಬಂತು. ಎರಡನೆಯ ಸಲ ಅದೇ ಔಷಧಿ ಹಿಡಿಯಲಿಲ್ಲ. ಯಾಕೆ ಹಿಡಿಯಲಿಲ್ಲ ಎಂದು ನಾನು ಡಾಕ್ಟರನ್ನು ಕೇಳಿಕೊಂಡು ಬರಲು ಹೊರಟಾಗ ಅವಳೇ ಹಾಸಿಗೆಯಿಂದ ತಡೆದು ಹೇಳಿದಳು. ಔಷಧಿ ಗಡ್ಡೆಯಲ್ಲಿ ಸತ್ತುಹೋಗುವಂಥ ಜೀವಕಣಗಳನ್ನೆಲ್ಲ ಕೊಂದಿತು. ಸಾಯದಂಥವು ಒಂದೆರಡು ಎಲ್ಲೋ ಅಡಗಿದ್ದವು. ಈಗ ಇರುವುದೆಲ್ಲ ಅವುಗಳ ಮಕ್ಕಳು.

“ಮಿಡತೆ ಪಾಠ ನನ್ನ ಹೊಟ್ಟೆಯಾಗೇ ನಡೆದೈತೆ ರೀ. ಈ ಸಲ ಹಕ್ಕಿ ನಾವು” ಅಂದಳು.

ನನಗೆ ಆ ಶಾಸ್ತ್ರದ ಮೇಲೆ ಮೊದಲ ಸಲ ಸಿಟ್ಟು ಬಂತು. ತನ್ನ ಜೀವಮಾನವಿಡೀ ಅವಳು ಅದನ್ನು ಹೊತ್ತು ತಿರುಗಿದಳು, ಅದು ಅವಳಿಗೆ ತಿರುಗಿ ಮಾಡಿದ ಉಪಕಾರ ಇಷ್ಟು, ತಾನು ಹೇಗೆ ಸಾಯುತ್ತೇನೆ ಎಂದು ಸರಿಯಾಗಿ ವಿವರಿಸಲು ಬಂದದ್ದು.

ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಗುಂಡಿಯಲ್ಲಿ ಕೂರಿಸಿ, ವಿಭೂತಿ ಇಟ್ಟು, ಸುತ್ತ ಉಪ್ಪು ಸುರಿದು ಮಣ್ಣು ಕೊಡುವುದು ಪದ್ಧತಿ. ಅವಳು ಕೊನೆಯ ವಾರಗಳಲ್ಲಿ ಒಂದು ಮಾತು ಹೇಳಿದ್ದಳು. ಹೂಳುವುದು ಒಳ್ಳೆಯದು, ಮಣ್ಣಿನಲ್ಲಿರುವವರಿಗೂ ಪಾಲು ಸಿಗುತ್ತದೆ, ಆದರೆ ಉಪ್ಪು ಮಾತ್ರ ಹಾಕಿಸಬೇಡ್ರಿ, ಉಪ್ಪಿಗೆ ಹುಳ ಹತ್ತಿರ ಬರುವುದಿಲ್ಲ, ಬಂದ ನೆಂಟರನ್ನು ಬಾಗಿಲಲ್ಲೇ ತಿರುಗಿಸಿ ಕಳಿಸಿದ ಹಾಗೆ. ಇದು ನಗೆಯ ಮಾತೂ ಹೌದು, ಅಲ್ಲವೂ ಹೌದು. ಹೊಲದಲ್ಲಿ ಗುಂಡಿಯ ಹತ್ತಿರ ನಿಂತು ನಾನು ಹಿರಿಯರಿಗೆ ಅದನ್ನು ಹೇಳಿದೆ. ಉಪ್ಪಿನ ಚೀಲಗಳು ಆಗಲೇ ಬಂದಿದ್ದವು. ನಮ್ಮ ದೊಡ್ಡಪ್ಪ ನನ್ನ ಭುಜದ ಮೇಲೆ ಕೈಯಿಟ್ಟ.

“ಏನಪ್ಪ, ನೋವಿನಾಗೆ ಏನೇನೋ ಅಂದಿರ್ತಾಳೆ. ಉಪ್ಪಿಲ್ದೆ ಮಣ್ಣು ಮಾಡಾಕೆ ಅವಳೇನು ದಿಕ್ಕಿಲ್ದವಳಾ?”

ಅವನಿಗೆ ಅವಳ ಮೇಲೆ ಪ್ರೀತಿಯಿತ್ತು. ಒಂದು ಚೀಲ ಹೆಚ್ಚಿಗೇ ತರಿಸಿದ್ದ. ಅವಳ ಕುತ್ತಿಗೆಯವರೆಗೆ ಉಪ್ಪು ಬಿತ್ತು. ನಾನು ಇನ್ನೊಂದು ಸಲ ಹೇಳಿದೆ. ಯಾರೋ ನನ್ನನ್ನು ಕರೆದುಕೊಂಡು ಹೋಗಿ ಮರದ ಕೆಳಗೆ ಕೂರಿಸಿ ನೀರು ಕೊಟ್ಟರು.

ಅದಕ್ಕೇ ವನದ ವಿಷಯ ಬಂದಾಗ ನಾನು ಸುಮ್ಮನಿರಲು ಆಗಲಿಲ್ಲ. ಅಂಗಡಿ ಮುಚ್ಚಿ, ಅವಳ ಕುರ್ಚಿಯಲ್ಲಿ ಕೂತ ಆ ಹುಡುಗ ಮೇಷ್ಟರ ಮನೆಗೆ ಹೋದೆ. ಬರ್ರಿ ಸರ್, ಕುಂತ್ಕಳ್ರಿ ಎಂದು ಕುರ್ಚಿ ಹಾಕಿದ, ಅವನ ಹೆಂಡತಿ ಮಂಡಕ್ಕಿ ತಂದಿಟ್ಟಳು. ವನ ಬೇಕಾದರೆ ಕಾಲೇಜಿನ ಹಿತ್ತಲಿನಲ್ಲಿ ಮಾಡ್ರಿ, ಕೆರೆಯ ಏರಿಯ ಕೆಳಗೆ ಮಾಡ್ರಿ, ರಸ್ತೆಯ ಪಕ್ಕ ಎಷ್ಟು ಬೇಕಾದರೂ ಮಾಡ್ರಿ, ಕಾವಲು ಬೇಡ ಅಂದೆ. ಅಲ್ಲಿ ಹುಲ್ಲು ಇರಬೇಕಾದ್ದು, ಮರ ಬಂದರೆ ಹುಲ್ಲಿನವರು ಹೋಗುತ್ತಾರೆ, ಇದನ್ನು ನಿನಗೆ ಅವಳೇ ಅಲ್ಲಿ ಕೂರಿಸಿ ಹೇಳಿಕೊಟ್ಟದ್ದಲ್ಲವಾ ಎಂದು ಕೇಳಿದೆ. ಅವನು ಇಲ್ಲವೆನ್ನಲಿಲ್ಲ. ತಲೆ ತಗ್ಗಿಸಿದ. ಗೊತ್ತು ಸರ್, ನಾನೂ ಪಾಠ ಮಾಡ್ತೀನಿ ಅಂದ. ಮತ್ತೆ ಇದೇನು ಎಂದು ಕೇಳಿದೆ.

“ಅದು ಪಾಠ ಸರ್. ಹೊರಗಡೆ ಬಂದು ಗಿಡ ನೆಡಬ್ಯಾಡ್ರಿ ಅಂದ್ರೆ ಜನ ನನ್ನ ಏನಂತಾರೆ? ಎಲ್ಲರಿಗೂ ಹೇಳಿಯಾಗೈತೆ. ಮಠದ ಸ್ವಾಮಿಗಳು ಬರಾಕೆ ಒಪ್ಪಿಕೊಂಡವ್ರೆ.”

ಅವನು ಹೇಳಿದ್ದು ನಿಜ. ನಮ್ಮ ಕಡೆ ಮಳೆ ಕಡಿಮೆ, ನೆರಳೆಂದರೆ ಪುಣ್ಯ. ಸತ್ತವರಿಗೆ ಒಂದು ಗಿಡ ನೆಡುವುದಕ್ಕಿಂತ ದೊಡ್ಡ ಮರ್ಯಾದೆ ಇಲ್ಲಿ ಯಾರಿಗೂ ತಿಳಿದಿಲ್ಲ. ಗಿಡ ನೆಡುವುದು ತಪ್ಪು ಎಂದು ಚಿತ್ರದುರ್ಗ ಜಿಲ್ಲೆಯಲ್ಲಿ ನಿಂತು ಹೇಳುವವನಿಗೆ ತಲೆ ಕೆಟ್ಟಿರಬೇಕು. ಅವಳು ಹೇಳುತ್ತಿದ್ದಳು, ಅವಳಿಗೂ ಹಾಗೇ ಅಂದರು. ನಾನು ಇನ್ನೂ ಇಬ್ಬರು ಮೂವರನ್ನು ಕಂಡೆ. ಪಂಚಾಯಿತಿಯವರು ಕಾಗದದಲ್ಲಿ ಅದು ಪಾಳು ಜಮೀನು, ಯಾರ ತಕರಾರೂ ಬರಲ್ಲ, ನೀವು ನಿಶ್ಚಿಂತೆಯಾಗಿರಿ ಎಂದು ನನಗೇ ಧೈರ್ಯ ಹೇಳಿದರು. ಅಲ್ಲಿಗೆ ಜಾಗ ಉಳಿಸಲು ನನ್ನ ಕೈಯಲ್ಲಿ ಆಗುವುದಿಲ್ಲ ಎಂದು ಗೊತ್ತಾಯಿತು. ಆದರೆ ಹುಲ್ಲು ಹಾಳಾಗುವುದು ಬೇರೆ, ಅದು ಅವಳ ಹೆಸರಿನಲ್ಲಿ ಹಾಳಾಗುವುದು ಬೇರೆ. ಮನೆಗೆ ಬರುವ ದಾರಿಯಲ್ಲಿ ನನಗೆ ಉಳಿದದ್ದು ಎರಡನೆಯದೊಂದೇ. ವನ ಮಾಡುವವರಿಗೆ ಕಾಗದ ಬರೆದು ಅವಳ ಹೆಸರು ಬಿಡ್ರಿ ಎಂದು ಕೇಳಿದೆ. ದುಃಖದಲ್ಲಿದ್ದಾರೆ ಎಂದು ಅವರು ಉತ್ತರ ಕೊಡಲಿಲ್ಲ.

ಕಾರ್ಯಕ್ರಮದ ದಿನ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಜೆಸಿಬಿ ಬಂದು ಹೋಗಿತ್ತು. ಹುಲ್ಲಿನ ಮೇಲೆ ಉದ್ದಕ್ಕೆ ಸಾಲು ಸಾಲು ಗುಂಡಿ, ಪಕ್ಕದಲ್ಲಿ ಅಗೆದು ಹಾಕಿದ ಗುಡ್ಡೆ. ನಮ್ಮ ಕೆಂಪು ನೆಲ ಮೇಲೆ ಮಾತ್ರ ಕೆಂಪು. ಎರಡು ಗೇಣು ಕೆಳಗೆ ಸುಣ್ಣ ಬೆರೆತ ಬಿಳಿ ಗರಸು. ಅದೆಲ್ಲ ಮೇಲೆ ಬಂದು ಬಿದ್ದಿತ್ತು. ಶಾಮಿಯಾನ ಹಾಕಿದ್ದರು. ಹೊಂಗೆ, ಬೇವು, ಸಿಲ್ವರ್ ಓಕ್ ಗಿಡಗಳು ಕಪ್ಪು ಚೀಲಗಳಲ್ಲಿ ನಿಂತಿದ್ದವು. ಒಂದು ಕುರ್ಚಿಯ ಮೇಲೆ ಅವಳ ಫೋಟೋ, ಹಾರ ಇನ್ನೂ ಹಾಕಿರಲಿಲ್ಲ. ದಾರಿಯ ಬಾಯಲ್ಲಿ ಎರಡು ಕಬ್ಬಿಣದ ಪೈಪಿಗೆ ಬೋರ್ಡು ಕೂರಿಸಿದ್ದರು, ಹಸಿರು ಬಣ್ಣ, ಬಿಳಿ ಅಕ್ಷರ. ಅವಳ ಹೆಸರು, ಕೆಳಗೆ ಸ್ಮಾರಕ ವನ.

ಬೈಕಿನ ಡಬ್ಬಿಯಿಂದ ಸ್ಪ್ಯಾನರ್ ತೆಗೆದು ಬೋಲ್ಟು ಬಿಚ್ಚತೊಡಗಿದೆ. ಹೊಸ ಬೋಲ್ಟು, ಸಲೀಸಾಗಿ ಬಂತು. ಅಡುಗೆಯ ಪಾತ್ರೆ ಇಳಿಸುತ್ತಿದ್ದ ಒಬ್ಬ, ಸಡಿಲ ಆಗಿತ್ತೇನ್ ಸರ್, ನಾನು ಹಿಡ್ಕಳ್ಲಾ ಎಂದು ಬಂದು ಬೋರ್ಡಿನ ಒಂದು ತುದಿ ಹಿಡಿದುಕೊಂಡ. ಇಬ್ಬರೂ ಸೇರಿ ಇಳಿಸಿದೆವು. ಹಿಂದಿನ ಸೀಟಿನ ಮೇಲೆ, ಅಕ್ಷರ ಮುಂದಕ್ಕೆ ಮಾಡಿ, ಅಡ್ಡ ನಿಲ್ಲಿಸಿ ಟ್ಯೂಬಿನಿಂದ ಬಿಗಿಯುವಾಗ ಅವನಿಗೆ ಏನೋ ಸರಿಯಿಲ್ಲ ಅನ್ನಿಸಿರಬೇಕು, ಮೇಷ್ಟರನ್ನು ಕರೆಯಲು ಓಡಿದ. ನಾನು ಹೋಗಿ ಕುರ್ಚಿಯ ಮೇಲಿದ್ದ ಫೋಟೋ ತೆಗೆದು ಚೀಲದಲ್ಲಿಟ್ಟುಕೊಂಡೆ.

ಮೇಷ್ಟರಾದ ಆ ಹುಡುಗ ಹುಲ್ಲಿನಲ್ಲಿ ಓಡುತ್ತಾ ಬಂದ. ಹಿಂದೆ ಇನ್ನೂ ಕೆಲವರು. ಜನ ಬರ್ತಾ ಅವ್ರೆ ಸರ್, ನಮ್ಮ ಮಾನ ತೆಗಿಬ್ಯಾಡ್ರಿ ಎಂದು ಕೈ ಮುಗಿದ. ಅವನ ಕಣ್ಣಲ್ಲಿ ನೀರಿತ್ತು, ಅದು ನಟನೆಯಲ್ಲ. ನಾನು ಟ್ಯೂಬಿನ ಗಂಟು ಇನ್ನೊಮ್ಮೆ ಬಿಗಿದೆ.

“ವನ ಮಾಡ್ಕಳ್ರಿ. ಅವಳ ಹೆಸರು ನಾನು ತಗಂಡು ಹೋಗ್ತೀನಿ” ಅಂದೆ.

ಹಿಂದಿನಿಂದ ಯಾರೋ ಒಬ್ಬರು, ಹೆಂಡ್ತಿ ಹೆಸರಿಗೆ ಒಂದು ಗಿಡ ನೆಡಾಕೂ ಬಿಡಲ್ಲ, ಎಂಥ ಗಂಡಪ್ಪ ಇವನು ಅಂದದ್ದು ಕೇಳಿಸಿತು. ಗಾಡಿ ಸ್ಟಾರ್ಟ್ ಮಾಡಿದೆ. ಬೋರ್ಡು ಎರಡೂ ಕಡೆ ಚಾಚಿಕೊಂಡಿದ್ದರಿಂದ ನಿಧಾನಕ್ಕೆ ಓಡಿಸಬೇಕಾಯಿತು. ಎದುರಿಗೆ ಬರುತ್ತಿದ್ದ ಕಾರುಗಳು ಪಕ್ಕಕ್ಕೆ ಸರಿದು ದಾರಿ ಬಿಟ್ಟವು, ಒಳಗಿದ್ದವರು ಓದಿಕೊಂಡು ಕೈ ಮುಗಿದರು. ಹಿಂದಿನ ಸೀಟಿನಲ್ಲಿ ತಗಡು ಗಾಳಿಗೆ ಪಟಪಟ ಅನ್ನುತ್ತಾ ಬಂತು.

ಕಾರ್ಯಕ್ರಮ ನಿಲ್ಲಲಿಲ್ಲ. ಭಾಷಣವಾಯಿತಂತೆ, ಊಟವಾಯಿತಂತೆ, ಗಿಡಗಳೂ ನೆಲಕ್ಕೆ ಹೋದವು. ಈಗ ಅಲ್ಲಿ ಬೇರೊಬ್ಬರ ಹೆಸರಿನ ಬೋರ್ಡಿದೆ. ಅವರೂ ತೀರಿಕೊಂಡವರೇ, ಊರಿನಲ್ಲಿ ದೊಡ್ಡ ಮನುಷ್ಯರಾಗಿದ್ದವರು. ಹುಲ್ಲಿನ ಮೇಲೆ ಅವರಿಗೇನಾದರೂ ಸಿಟ್ಟಿತ್ತು ಎಂದು ನಾನು ಕೇಳಿಲ್ಲ. ಅವರ ಮನೆಯವರಿಗೆ ಸಂತೋಷವಾಗಿದೆ. ಅವಳ ಬೋರ್ಡನ್ನು ಅಂಗಡಿಯ ಹಿಂದೆ ಗೋಡೆಗೆ ಮುಖ ಮಾಡಿ ನಿಲ್ಲಿಸಿದ್ದೇನೆ. ವಾರ್ನಿಷ್ ಹಚ್ಚಿದ ಮೋಟರ್ ಕಾಯಿಲುಗಳನ್ನು ಅದಕ್ಕೆ ಒರಗಿಸಿ ಒಣಗಿಸುತ್ತೇನೆ. ಆ ಹುಡುಗ ಆಮೇಲೆ ಅಂಗಡಿಗೆ ಬಂದಿಲ್ಲ. ರಸ್ತೆಯಲ್ಲಿ ಕಂಡರೆ ನಮಸ್ಕಾರ ಮಾಡುತ್ತಾನೆ, ನಾನೂ ಮಾಡುತ್ತೇನೆ.

ವರ್ಷದ ದಿನ ಸಮಾಧಿಗೆ ಹೋಗಿ ಪೂಜೆ ಮುಗಿಸಿ, ಮನೆಗೆ ಬರಲು ಮನಸ್ಸಾಗದೆ ಕಾವಲಿಗೆ ಹೋದೆ. ಗಿಡಗಳು ಇನ್ನೂ ನನ್ನ ಸೊಂಟಕ್ಕೆ ಬಂದಿರಲಿಲ್ಲ. ಒಂದೊಂದಕ್ಕೂ ಒಂದು ಬಿದಿರಿನ ಕೋಲು ಕಟ್ಟಿದ್ದರು, ಗಾಳಿಗೆ ಬೀಳದಿರಲೆಂದು. ಸಾಲಿನ ನಡುವೆ ಹುಲ್ಲು ಅಲ್ಲಲ್ಲಿ ಉಳಿದಿತ್ತು. ಅದರ ಮೇಲೆ ಕಾಲಿಟ್ಟಾಗ ಮಿಡತೆಗಳು ಎದ್ದವು, ಮೊದಲಿನ ಹಾಗೇ, ಇಟ್ಟಿಗೆಯ ಬಣ್ಣದವು. ಎದ್ದು ಹಾರಿ ಗುಂಡಿಯ ಪಕ್ಕದ ಬಿಳಿ ಗರಸಿನ ಮೇಲೆ ಕೂತವು. ನಿಂತ ಜಾಗದಿಂದಲೇ ಒಂದೊಂದೂ ಕಾಣುತ್ತಿತ್ತು, ಕರ್ಚೀಫಿನ ಮೇಲೆ ಕಂಡ ಹಾಗೆ. ಅವು ಅಲುಗಾಡದೆ ಕೂತಿದ್ದವು. ಕೆಂಪು ನೆಲದ ಮೇಲೆ ಹಾಗೆ ಕೂತೇ ಅವುಗಳ ಹಿರಿಯರು ಉಳಿದದ್ದು.

ಬಿದಿರಿನ ಕೋಲುಗಳ ಮೇಲೆ ಕಾಜಾಣಗಳಿದ್ದವು. ಮೊದಲು ಈ ಬಯಲಿನಲ್ಲಿ ಅವಕ್ಕೆ ಕೂರಲು ಜಾಗವಿರಲಿಲ್ಲ, ಬಂದು ಹೋಗುತ್ತಿದ್ದವು. ಈಗ ಸಾಲಾಗಿ ಕೋಲು ನೆಟ್ಟು ಕೊಟ್ಟಿದ್ದಾರೆ. ಒಂದು ಹಕ್ಕಿ ಇಳಿದು ಮಿಡತೆ ಎತ್ತಿಕೊಂಡು ಅದೇ ಕೋಲಿಗೆ ವಾಪಸ್ ಬಂತು. ತಿಂದಿತು. ಮತ್ತೆ ಇಳಿಯಿತು. ನಾನು ಒಂದು ಕಲ್ಲು ಎತ್ತಿ ಬೀಸಿದೆ. ಹಾರಿ ಪಕ್ಕದ ಕೋಲಿಗೆ ಹೋಯಿತು. ಅದರದೇನೂ ತಪ್ಪಿಲ್ಲ ಎಂದು ಅವಳು ಅನ್ನುತ್ತಿದ್ದಳು, ಅದರ ಕಸುಬು ಅದು.

ಈ ಗರಸಿನ ಮೇಲೆ ಬಿಳಿಯ ಮಿಡತೆ ಬರಲು ಎಷ್ಟು ತಲೆಮಾರು ಬೇಕು, ಅಷ್ಟರವರೆಗೆ ಇವು ಉಳಿಯುತ್ತವಾ ಎಂದು ಅವಳನ್ನು ಕೇಳಬೇಕಿತ್ತು. ನೆಲಗುಬ್ಬಿಯ ದನಿಗಾಗಿ ಸ್ವಲ್ಪ ಹೊತ್ತು ನಿಂತೆ, ಕೇಳಿಸಲಿಲ್ಲ. ನನ್ನ ಕಾಲಿನ ಹತ್ತಿರ ಗರಸಿನ ಮೇಲಿದ್ದ ಒಂದು ಮಿಡತೆಯನ್ನು ಅಂಗೈ ಮುಚ್ಚಿ ಹಿಡಿದು, ಹುಲ್ಲು ಉಳಿದ ಕಡೆ ಕೆಂಪು ಮಣ್ಣಿನ ಮೇಲೆ ಬಿಟ್ಟೆ. ಅದು ಒಂದು ಗಳಿಗೆ ಕಾಣದಾಯಿತು. ಆಮೇಲೆ ಜಿಗಿದು ಮತ್ತೆ ಗರಸಿನ ಮೇಲೇ ಹೋಗಿ ಕೂತಿತು.